ಸಮುದ್ರಕ್ಕೆ ಬಿಟ್ಟ ಕಲ್ಲು

ಶ್ರೀ ಕಾಳಿಕಾಂಬಾ ಪ್ರಸನ್ನ

ಕುವೈತ್
೧೮-೮-೧೯೯೧, ಭಾನುವಾರ

ಪ್ರೀತಿಯ ಸೊಸೆ ಜಲಜಾಕ್ಷಿಗೆ ನಿನ್ನ ಅತ್ತೆ ಸುಗಂಧಿ ಮನಸಾರೆ ಹರಸಿ ಬರೆಯುವುದು.

ನಾವಿಬ್ಬರೂ ದೇವರು ಇಟ್ಟ ಹಾಗೆ ಇದ್ದೇವೆ. ನೀನು, ಮಗು ಅನ್ವಿತಾ, ಮುಲ್ಕಿಯಲ್ಲಿ ನಿನ್ನ ಅಪ್ಪ ಅಮ್ಮ, ಅಣ್ಣ ಎಲ್ಲರೂ ಸೌಖ್ಯವಾಗಿರಲಿ ಎಂದು ದಿನಾ ದೇವಿಯ ಪಟದ ಮುಂದೆ ಕೇಳಿಕೊಳ್ಳುತ್ತೇನೆ. ನಿನ್ನ ಕಾಗದ ಬಂದು ಬಹಳ ದಿನ ಆಯಿತು. ಉತ್ತರ ಬರೆಯದ್ದಕ್ಕೆ ಬೇಸರ ಮಾಡಬೇಡ ಮಗಳೇ. ಇಲ್ಲಿಯ ಅಂಚೆ ಸರಿ ಇಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಹಾಳೆ ತೆಗೆದು ಎದುರು ಇಟ್ಟುಕೊಳ್ಳುವುದು, "ಸೌಖ್ಯ" ಎಂದು ಬರೆಯುವುದು, ಆಮೇಲೆ ಕೈ ಮುಂದೆ ಹೋಗುವುದಿಲ್ಲ. ಈಗ ಸಾಲ್ಮಿಯಾದ ಚಾರ್ಲ್ಸ್ ಪೊರ್ಬುಗಳು ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಆಗಿದೆ, ಹಾಗಾಗಿ ಬರೆಯಲೇಬೇಕು.

ನೀನು ಕೇಳಿದ್ದು ಒಂದೇ ಮಾತು. "ಅತ್ತೆ, ನನ್ನ ಕುತ್ತಿಗೆಯ ಕರಿಮಣಿ ಇರಬೇಕೋ ತೆಗೆಯಬೇಕೋ ನೀವೇ ಹೇಳಿ. ಮದುವೆ ಮನೆಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದವರು ನನ್ನೆದುರು ನಿಂತು, ಕೊಡುವುದೋ ಬಿಡುವುದೋ ಗೊತ್ತಾಗದೆ ಪಕ್ಕದವಳ ಮುಖ ನೋಡುತ್ತಾರೆ" ಎಂದು ಬರೆದಿದ್ದೆ. ನಿನ್ನ ಅಣ್ಣ ಪುರೋಹಿತರನ್ನು ಕೇಳಿದ್ದು, ದೇಹ ಸಿಗದಿದ್ದರೆ ದರ್ಭೆಯಲ್ಲಿ ದೇಹ ಮಾಡಿ ಕ್ರಿಯೆ ಮಾಡಬಹುದು ಎಂದು ಅವರು ಹೇಳಿದ್ದು, ಆದರೆ ಹೆತ್ತ ತಂದೆ ಒಪ್ಪದೆ ತಾನು ಕೈ ಹಾಕುವುದಿಲ್ಲ ಎಂದದ್ದು, ಎಲ್ಲ ಓದಿದೆ. ನಿನ್ನ ಮಾವನಿಗೂ ಓದಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ ಎದ್ದು ಅಂಗಡಿಗೆ ಹೋದರು.

ಅಂಗಡಿ ಎಂದರೆ ಈಗ ಎಂತ ಉಂಟು ಅದರಲ್ಲಿ? ಇರಾಕಿನವರು ಚಿನ್ನ ಬೆಳ್ಳಿಯ ಜೊತೆ ಗಾಜಿನ ಕಪಾಟು ಸಹ ಬಿಡದೆ ಹೊತ್ತುಕೊಂಡು ಹೋಗಿದ್ದಾರೆ. ಉಳಿದದ್ದು ಅಡೆಗಲ್ಲು, ಅಗ್ಗಿಷ್ಟಿಕೆ, ಊದುಗೊಳವೆ, ನಿನ್ನ ಮಾವನ ಚಾಪೆ. ನಮ್ಮ ಕಫೀಲ್, ಅಂಗಡಿಗೆ ಜಾಮೀನು ನಿಂತ ಅರಬಿ ಯಜಮಾನರು, ಜಹ್ರಾದಿಂದ ಬಂದು, "ಭೋಜ, ಊರಿಗೆ ಹೋಗಿ ಮಕ್ಕಳ ಮುಖ ನೋಡಿಕೊಂಡು ಬಾ, ಅಂಗಡಿ ಎಲ್ಲಿಗೂ ಹೋಗುವುದಿಲ್ಲ" ಎಂದರೂ ಇವರು ಕೇಳಲಿಲ್ಲ. "ಲತೀಶ ಬಂದಾಗ ಬಾಗಿಲು ಹಾಕಿದ್ದರೆ ಅವನು ಎಲ್ಲಿಗೆ ಹೋಗುವುದು?" ಎನ್ನುತ್ತಾರೆ. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ಗಾಳಿ ಈ ಕಡೆ ತಿರುಗಿದರೆ ಹಗಲಿನಲ್ಲೇ ಕತ್ತಲೆ, ಒಣಗಲು ಹಾಕಿದ ಬಟ್ಟೆ ಮಸಿ ಹಿಡಿಯುತ್ತದೆ. ಆ ಕತ್ತಲೆಯಲ್ಲೂ ಇವರು ಬಾಗಿಲು ತೆರೆದು ಕೂತಿರುತ್ತಾರೆ.

ನಮ್ಮ ಹುಡುಗ ಹೋದ ದಿನದ ವಿಷಯ ನಿನಗೆ ಮೊದಲೇ ಬರೆದಿದ್ದೆ. ಯುದ್ಧದ ಕೊನೆಯ ವಾರ, ಮನೆಯಲ್ಲಿ ಹಿಟ್ಟು ಮುಗಿದಿತ್ತು, ಜಹ್ರಾದ ಕಫೀಲ್ ಮನೆಯಲ್ಲಿ ಒಂದು ಮೂಟೆ ಉಂಟೆಂದು ಹೇಳಿ ಕಳಿಸಿದ್ದರು. ಅಪ್ಪ ಬೇಡ ಎಂದರೂ ಲತೀಶ ಹಠ ಮಾಡಿ ವ್ಯಾನು ತೆಗೆದುಕೊಂಡು ಹೋದ. ಅದೇ ದಾರಿಯಲ್ಲಿ ಬಾಂಬು ಬಿತ್ತು. ವ್ಯಾನು ಸುಟ್ಟು ಸಿಕ್ಕಿತು. ಮನುಷ್ಯ ಸಿಗಲಿಲ್ಲ. ಮನುಷ್ಯ ಸಿಗದಿದ್ದಕ್ಕೆ ಇವರು ಅಷ್ಟನ್ನೇ ಹಿಡಿದುಕೊಂಡು ಕೂತರು. ನಾನೂ ಮೊದಮೊದಲು ಹಿಡಿದುಕೊಂಡಿದ್ದೆ. ಆದರೆ ತಾಯಿಗೆ ಒಂದು ದಿನ ಗೊತ್ತಾಗುತ್ತದೆ ಮಗಳೇ. ದೇವಿಗೆ ದೀಪ ಹಚ್ಚುವಾಗ "ನನ್ನ ಮಗನನ್ನು ಕಾಪಾಡು" ಎನ್ನುತ್ತಿದ್ದ ಬಾಯಿ ಒಂದು ಬೆಳಿಗ್ಗೆ ತಾನಾಗಿ "ನನ್ನ ಮಗನಿಗೆ ಸದ್ಗತಿ ಕೊಡು" ಎಂದಿತು. ನಾನೇ ಹೆದರಿ ಬಾಯಿ ಮುಚ್ಚಿಕೊಂಡೆ. ಇವರಿಗೆ ಹೇಳಲಿಲ್ಲ.

ಈಗ ಇಲ್ಲಿ ಆದ ಒಂದು ಸಂಗತಿ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರಿಂದಲೇ.

ಹೋದ ತಿಂಗಳು ಅಂಗಡಿಗೆ ಅಮೆರಿಕದ ಮಿಲಿಟರಿಯ ಒಬ್ಬಳು ಹುಡುಗಿ ಬಂದಳು. ನಾನು ಇವರಿಗೆ ಊಟ ತೆಗೆದುಕೊಂಡು ಹೋದವಳು ಅಲ್ಲೇ ಇದ್ದೆ. ಲಾರಿ ಓಡಿಸುವ ಕೆಲಸವಂತೆ. ಬೂಟು, ಟೊಪ್ಪಿ ಎಲ್ಲ ಮಿಲಿಟರಿಯದ್ದೇ, ಮುಖ ಮಾತ್ರ ಬಿಳಿಯರ ಹಾಗಲ್ಲ. ಗೋಧಿ ಬಣ್ಣ, ಅಗಲ ಕೆನ್ನೆ, ಕಪ್ಪು ಕೂದಲು. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು ಇತ್ತು, ಬೇಗೇ ಎಂದು. ಪಕ್ಕದ ಬಟ್ಟೆ ಅಂಗಡಿಯ ಮೊಯ್ದೀನ್ ಕುಂಞಿ ನಿನಗೆ ಗೊತ್ತುಂಟಲ್ಲ, ಉಳ್ಳಾಲದ ಬ್ಯಾರಿ, ಹಡಗಿನಲ್ಲಿ ದುಡಿದು ಇಂಗ್ಲಿಷ್ ಕಲಿತವರು. ಅವರೇ ಮಾತು ದಾಟಿಸಿದ್ದು.

"ಆಚಾರ್ರೇ, ನಿಮ್ಮ ದೇಶದವಳೇ ಬಂದಿದ್ದಾಳೆ. ಇಂಡಿಯನ್ ಅಂತೆ!" ಎಂದರು ನಗುತ್ತಾ.

"ಯಾವ ಕಡೆಯವಳು, ನೇಪಾಳದ ಹತ್ತಿರವಾ?" ಎಂದರು ಇವರು.

"ಅಲ್ಲ ಮಾರಾಯ್ರೆ, ಅಮೆರಿಕದಲ್ಲಿ ಬಿಳಿಯರು ಬರುವುದಕ್ಕೂ ಮೊದಲು ಇದ್ದವರು ಉಂಟಲ್ಲ, ಅವರು. ನವಾಹೊ ಅಂತ ಜಾತಿಯಂತೆ. ಮರಳುಗಾಡು, ಕುರಿ, ಬೆಳ್ಳಿ ಕೆಲಸ. ಇವಳ ಅಜ್ಜ ನಿಮ್ಮ ಹಾಗೆ ಆಚಾರಿ."

ಇವರು ಎದ್ದು ನಿಂತು ಕೈ ಮುಗಿದರು. ನೀನು ನೋಡಬೇಕಿತ್ತು. ಎಷ್ಟೋ ತಿಂಗಳಾದ ಮೇಲೆ ಆ ಮುಖದಲ್ಲಿ ಸ್ವಲ್ಪ ಜೀವ ಕಂಡಿತು.

ಅವಳು ಕರವಸ್ತ್ರದಿಂದ ಒಂದು ಬೆಳ್ಳಿ ಕಡಗ ತೆಗೆದಳು. ಅಗಲದ್ದು, ಭಾರದ್ದು, ಒಂದು ಬದಿ ಸೊಟ್ಟಗಾಗಿ ಬೆಸುಗೆ ಬಿಟ್ಟಿತ್ತು. ನಡುವೆ ಹೆಬ್ಬೆರಳಿನಷ್ಟು ದೊಡ್ಡ ಫಿರೋಜಾ ಕಲ್ಲು. ಇಲ್ಲಿಯ ಅರಬರ ಉಂಗುರದಲ್ಲಿ ಇರುತ್ತದಲ್ಲ, ಆ ನೀಲಿಯೇ, ಆದರೆ ಸ್ವಲ್ಪ ಹಸಿರಿಗೆ ತಿರುಗಿದ್ದು, ಮೇಲೆಲ್ಲ ಜೇಡನ ಬಲೆಯ ಹಾಗೆ ಕಪ್ಪು ಗೆರೆ. ಅಡ್ಡಕ್ಕೆ ಒಂದು ಸೀಳು. ಬೆಳ್ಳಿಯ ಮೇಲೆ ಸೂರ್ಯನ ಹಾಗೆ, ಬಾಣದ ಹಾಗೆ ಅಚ್ಚು ಒತ್ತಿದ್ದರು. ಇವರು ಉಗುರಿನಿಂದ ಸವರಿ, "ಹಳೆಯ ಅರ ಕತ್ತರಿಸಿ ಮಾಡಿದ ಅಚ್ಚು ಇದು, ನನ್ನ ಅಪ್ಪ ಮಾಡುತ್ತಿದ್ದ ಹಾಗೆಯೇ" ಎಂದರು. ಮೊಯ್ದೀನ್ ಕುಂಞಿ ಅದನ್ನು ಹೇಳಿದಾಗ ಅವಳು ಹೌದು ಹೌದು ಎಂದು ತಲೆ ಆಡಿಸಿ ನಕ್ಕಳು. ಆ ಬಾಣಕ್ಕೆ ಅರ್ಥ ಎಂತ ಎಂದು ಇವರು ಕೇಳಿದರು. "ಅಜ್ಜನೂ ಅದನ್ನೇ ಕೇಳಿ ನಗುತ್ತಿದ್ದರು. ಪೇಟೆಯ ಅಂಗಡಿಯವನು ಬಾಣ ಹಾಕಿದರೆ ಬೇಗ ಹೋಗ್ತದೆ ಅಂದ, ಹಾಕಿದರು. ಅರ್ಥ ಬರೆದು ಅಂಟಿಸಿದ್ದೂ ಅವನೇ. ನಮಗೆ ಅರ್ಥ ಇರುವುದು ಕಲ್ಲಿನಲ್ಲಿ" ಎಂದಳಂತೆ. ಅಷ್ಟರಲ್ಲಿ ಹೊರಗೆ ಲಾರಿಯ ಹಾರನ್ ಆಯಿತು. ಅವಳು ಸೊಟ್ಟಗಾದದ್ದನ್ನು ತೋರಿಸಿ, ಸರಿ ಮಾಡಿ ಎಂದು ಕೈಯಲ್ಲೇ ಹೇಳಿ ಓಡಿದಳು.

ಕಲ್ಲಿನ ಅರ್ಥ ಎಂತ ಎಂದು ಆಗಲೇ ಕೇಳಿಕೊಂಡಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲ.

ನಮ್ಮ ಮನೆತನದ ಕ್ರಮ ನಿನಗೂ ಗೊತ್ತುಂಟು. ಗಿರಾಕಿಯ ಆಭರಣದಲ್ಲಿ ಒಡೆದ ಹರಳು ಬಿಟ್ಟು ಕೊಡಲಿಕ್ಕಿಲ್ಲ, ಧರಿಸಿದವರಿಗೆ ಆಗುವುದಿಲ್ಲ. ಬಿಚ್ಚಿದ ಒಡಕು ಹರಳನ್ನು ಅಂಗಡಿಯಲ್ಲಿಯೂ ಇಟ್ಟುಕೊಳ್ಳಲಿಕ್ಕಿಲ್ಲ, ಹರಿಯುವ ನೀರಿಗೋ ಸಮುದ್ರಕ್ಕೋ ಬಿಡಬೇಕು. ಇಲ್ಲಿಯ ಲೆಕ್ಕದಲ್ಲಿ ಗೆರೆ ಬಿದ್ದ ಫಿರೋಜಾ ಕೀಳು ಜಾತಿಯದ್ದು ಬೇರೆ. ಇವರ ಹತ್ತಿರ ಒಂದು ಇರಾನಿ ಕಲ್ಲು ಇತ್ತು, ಒಂದು ಗೆರೆ ಇಲ್ಲದ ಶುದ್ಧ ನೀಲಿ. ಲತೀಶನ ಮಗುವಿಗೆಂದು ಕಫೀಲ್ ಕೊಟ್ಟದ್ದು. ಇರಾಕಿನವರ ಕೈಗೆ ಸಿಗದ ಹಾಗೆ ಅಗ್ಗಿಷ್ಟಿಕೆಯ ಬೂದಿಯಲ್ಲಿ ಅಡಗಿಸಿ ಉಳಿಸಿದ್ದು. ಅದನ್ನೇ ತೆಗೆದು ಕಡಗಕ್ಕೆ ಕೂರಿಸಿದರು.

"ಇದು ಮಗುವಿನದ್ದಲ್ಲವಾ?" ಎಂದೆ.

"ಅವಳೂ ಯಾರದ್ದೋ ಮಗುವೇ ಅಲ್ಲವಾ? ಒಡೆದ ಕಲ್ಲು ಕಟ್ಟಿಕೊಂಡು ಆ ಹುಡುಗಿ ಲಾರಿ ಓಡಿಸುವುದು ಬೇಡ" ಎಂದರು. ಮರುದಿನ ಶರ್ಕ್‌ನ ದಕ್ಕೆಗೆ ಹೋಗಿ ಹಳೆಯ ಕಲ್ಲನ್ನು ಸಮುದ್ರಕ್ಕೆ ಬಿಟ್ಟು ಬಂದರು.

ಅವಳು ಪುನಃ ಬಂದಾಗ ಇವರು ಕಡಗವನ್ನು ಒರೆಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಅವಳು ತಿರುಗಿಸಿ ನೋಡಿದಳು. ಬೆಳ್ಳಿ ಕೆಲಸ ನೋಡಿ ತಲೆ ಆಡಿಸಿದಳು. ಕಲ್ಲು ನೋಡಿದವಳು ಹಾಗೆಯೇ ನಿಂತಳು.

"ನನ್ನ ಕಲ್ಲೆಲ್ಲಿ ಅಂತ ಕೇಳ್ತಾಳೆ" ಎಂದರು ಮೊಯ್ದೀನ್ ಕುಂಞಿ.

"ಅದು ಒಡೆದಿತ್ತು. ಸಮುದ್ರಕ್ಕೆ ಬಿಟ್ಟೆ. ಇದು ಅದಕ್ಕಿಂತ ಒಳ್ಳೆಯದು ಅಂತ ಹೇಳಿ ಬ್ಯಾರ್ರೇ. ಇದಕ್ಕೆ ಏನೂ ಕೊಡುವುದು ಬೇಡ ಅಂತಲೂ ಹೇಳಿ."

ಮೊಯ್ದೀನ್ ಕುಂಞಿ ಹೇಳಿದರು. ಅವಳು ಅಂಗಡಿಯ ಮೆಟ್ಟಲ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ನೆಲ ನೋಡುತ್ತಾ ನಿಧಾನಕ್ಕೆ ಹೇಳಿದಳು. ಅವರಲ್ಲಿ ಫಿರೋಜಾ ಎಂದರೆ ಆಕಾಶದ್ದು, ನೀರಿನದ್ದು. ಹುಟ್ಟಿದ ಮಗುವಿಗೆ ಕಟ್ಟುತ್ತಾರಂತೆ. ಬೆಳಿಗ್ಗೆ ಸೂರ್ಯ ಏಳುವಾಗ ಅದನ್ನು ಧರಿಸಿ ಪ್ರಾರ್ಥನೆಗೆ ನಿಂತರೆ ದೇವತೆಗಳು ಇವರು ನಮ್ಮ ಮಕ್ಕಳೆಂದು ಗುರುತು ಹಿಡಿಯುತ್ತಾರಂತೆ. ಈ ಕಡಗ ಅವಳ ಅಜ್ಜಿಯ ಕೈಯದ್ದು. ಯುದ್ಧಕ್ಕೆ ಹೊರಟಾಗ ಅಜ್ಜಿ ತನ್ನ ಕೈಯಿಂದ ತೆಗೆದು ಹಾಕಿದ್ದಂತೆ. ಇಲ್ಲಿ ಅವಳ ಲಾರಿ ನೆಲದಲ್ಲಿ ಹೂತಿಟ್ಟ ಬಾಂಬಿನ ಮೇಲೆ ಹೋಗಿ ಮಗುಚಿತು. ಅವಳಿಗೆ ಗೀರು ಗಾಯವೂ ಆಗಲಿಲ್ಲ. ಕೈ ನೋಡಿದರೆ ಕಲ್ಲು ಸೀಳಿತ್ತು.

ಮೊಯ್ದೀನ್ ಕುಂಞಿ ಒಂದೊಂದೇ ಮಾತು ದಾಟಿಸುತ್ತಿದ್ದರು. "ಆ ಕಲ್ಲು ದೋಷದಿಂದ ಒಡೆದದ್ದಲ್ಲ ಅಂತಾಳೆ ಆಚಾರ್ರೇ. ತನಗೆ ಬರಬೇಕಾದ್ದನ್ನು ಅದು ತೆಗೆದುಕೊಂಡಿತು ಅಂತೆ. ಹಾಗೆ ಒಡೆದದ್ದನ್ನು ಅವರು ಬಿಸಾಡುವುದಿಲ್ಲವಂತೆ. ಅಜ್ಜಿಗೆ ತೋರಿಸಬೇಕು ಅಂತ ಇದ್ದಳು."

ನಿನ್ನ ಮಾವನ ಮುಖ ನಾನು ನೋಡಿದೆ. ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಚಪ್ಪಲಿ ಸಹ ಹಾಕದೆ ಎದ್ದು ಹೊರಗೆ ಹೋದರು. ಮುಖ ತೊಳೆಯಲಿಕ್ಕೆ ಹೋದರೇನೋ ಎಂದುಕೊಂಡೆವು. ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ನನ್ನ ಎದೆಯೇ ಹೇಳಿತು.

"ಬ್ಯಾರ್ರೇ, ದಕ್ಕೆಗೆ ಹೋಗಿದ್ದಾರೆ ಇವರು!"

"ಯಾ ಅಲ್ಲಾ! ಬನ್ನಿ ಸುಗಂಧಿಯಕ್ಕ" ಎಂದು ಮೊಯ್ದೀನ್ ಕುಂಞಿ ಕಾರು ತೆಗೆದರು. ಅವಳೂ ಹತ್ತಿದಳು.

ಇಲ್ಲಿಯ ಸಮುದ್ರ ದಂಡೆಯಲ್ಲಿ ಇರಾಕಿನವರು ಬಾಂಬು ಹೂತು ಹೋಗಿದ್ದಾರೆ. ದಕ್ಕೆಯ ಮೇಲೆ ಮಾತ್ರ ನಡೆಯಬಹುದು. ಪಕ್ಕದ ಮರಳಿಗೆ ತಲೆಬುರುಡೆಯ ಬೋರ್ಡು, ತಂತಿ. ಇಳಿತದ ಹೊತ್ತು. ನಾವು ಹೋಗುವಾಗ ಇವರು ದಕ್ಕೆಯಿಂದ ಕಲ್ಲುಗಳ ಮೇಲೆ ಇಳಿದು, ತಂತಿಯ ಆಚೆ ಒಂದು ಕಾಲು ಇಟ್ಟಾಗಿತ್ತು. ಬಗ್ಗಿಕೊಂಡು, ಯುದ್ಧದಲ್ಲಿ ಸಮುದ್ರಕ್ಕೆ ಹರಿದು ದಂಡೆಗೆ ಬಂದ, ಡಾಂಬರಿನ ಹಾಗೆ ಅಂಟುವ ಎಣ್ಣೆಯಲ್ಲಿ ಎರಡೂ ಕೈ ಹಾಕಿ ಹುಡುಕುತ್ತಿದ್ದರು. ನಾನು ಕೂಗಿದೆ. ಕಿವಿಗೆ ಹೋಗಲೇ ಇಲ್ಲ. ಆ ಹುಡುಗಿ ದೊಡ್ಡ ಸ್ವರದಲ್ಲಿ ಒಂದು ಸಲ ಗದರಿಸಿದಳು, ಮಿಲಿಟರಿ ಗದರಿಕೆ. ಇವರು ನಿಂತರು. ಅವಳು ಕಲ್ಲಿನ ಮೇಲೆ ಬೋರಲು ಮಲಗಿ ಕೈ ಚಾಚಿ, ಮಣಿಕಟ್ಟು ಹಿಡಿದು ಎಳೆದು ಮೇಲೆ ತಂದಳು.

ದಕ್ಕೆಯ ಮೇಲೆ ಕೂರಿಸಿದಾಗ ಇವರು ಅತ್ತರು ಜಲಜಾ. ವ್ಯಾನು ಸುಟ್ಟು ಸಿಕ್ಕಿದ ದಿನ ಅಳದವರು ಅತ್ತರು. ಎಣ್ಣೆ ಹಿಡಿದ ಕೈಯಿಂದ ಅವಳ ಕೈ ಹಿಡಿದುಕೊಂಡು ತುಳುವಿನಲ್ಲಿ ಏನೇನೋ ಹೇಳಿದರು. ನಾನು ಸ್ವಲ್ಪ ಹಿಂದೆ, ಬಲೆಯ ರಾಶಿಯ ಹತ್ತಿರ ನಿಂತಿದ್ದೆ. ನನ್ನನ್ನು ನೋಡಲಿಲ್ಲ. ಅವಳಿಗೆ ಒಂದು ಅಕ್ಷರ ಅರ್ಥ ಆಗಿರಲಿಕ್ಕಿಲ್ಲ. ಆದರೂ ಕೈ ಬಿಡಿಸಿಕೊಳ್ಳದೆ, ನಡುವೆ ಬಾಯಿ ಹಾಕದೆ ಕೇಳಿದಳು. ಮೊಯ್ದೀನ್ ಕುಂಞಿಗೆ ತುಳು ಚೆನ್ನಾಗಿ ಬರುತ್ತದೆ. ಅವರು ಸಮುದ್ರದ ಕಡೆ ತಿರುಗಿ ನಿಂತರು.

ಇವರು ಸುಮ್ಮನಾದ ಮೇಲೆ ಅವಳು ಕಿಸೆಯಿಂದ ಸಣ್ಣ ಚರ್ಮದ ಚೀಲ ತೆಗೆದಳು. ಒಳಗೆ ಅರಸಿನದ ಹಾಗೆ ಹಳದಿ ಹುಡಿ. ಜೋಳದ ಹೂವಿನದ್ದಂತೆ. ಒಂದು ಚಿಟಿಕೆ ತೆಗೆದು ನಾಲಗೆಗೆ ಮುಟ್ಟಿಸಿ, ನೆತ್ತಿಗೆ ಮುಟ್ಟಿಸಿ, ಉಳಿದದ್ದನ್ನು ನೀರಿನ ಕಡೆ ಬಿಟ್ಟಳು. ತುಟಿ ಆಡುತ್ತಿತ್ತು. ಯಾವ ದೇವರಿಗೋ ನನಗೆ ಗೊತ್ತಿಲ್ಲ. ನಾನೂ ನಮ್ಮ ಹುಡುಗನನ್ನು ನೆನೆದು ಕೈ ಮುಗಿದೆ. ನಮ್ಮ ಹುಡುಗನಿಗಾಗಿ ಈ ದೇಶದಲ್ಲಿ ಯಾರಾದರೂ ನೀರಿಗೆ ಏನಾದರೂ ಬಿಟ್ಟರು ಎಂದರೆ ಅದೊಂದೇ.

ಕಲ್ಲು ಸಿಗಲಿಲ್ಲ. ಅಂಗಡಿಗೆ ಬಂದ ಮೇಲೆ ಹೊಸ ಕಲ್ಲನ್ನು ಬಿಚ್ಚಿಕೊಡಿ ಎಂದಳು ಅವಳು. ಇವರು ಎಷ್ಟು ಹೇಳಿದರೂ ಕೇಳಲಿಲ್ಲ. "ಇದು ಚಂದ ಉಂಟು, ಆದರೆ ಇದು ನನ್ನನ್ನು ಕಂಡದ್ದಲ್ಲ" ಎಂದಳಂತೆ. ಕಲ್ಲಿಲ್ಲದ ಗೂಡಿನ ಕಡಗವನ್ನೇ ಕೈಗೆ ಹಾಕಿಕೊಂಡು ಹೋದಳು. ಅಜ್ಜಿಗೆ ಹಾಗೆಯೇ ತೋರಿಸುತ್ತಾಳಂತೆ. ಇರಾನಿ ಕಲ್ಲನ್ನು ನನ್ನ ಅಂಗೈಯಲ್ಲಿ ಇಟ್ಟು, ನಮ್ಮಲ್ಲಿ ಇದನ್ನು ಎಳೆಯ ಮಗುವಿಗೆ ಕಟ್ಟುತ್ತೇವೆ ಎಂದಳು. ನಮ್ಮ ಕ್ರಮದಲ್ಲಿ ಅದು ಇಲ್ಲ. ಆದರೂ ಒಂದು ವಾರ ದೇವಿಯ ಪಾದದಲ್ಲಿ ಇಟ್ಟು ಈಗ ಇದರ ಜೊತೆ ಕಳಿಸಿದ್ದೇನೆ. ಕಟ್ಟುವುದೋ ಪೆಟ್ಟಿಗೆಯಲ್ಲಿ ಇಡುವುದೋ ನಿನಗೆ ಬಿಟ್ಟದ್ದು.

ಮರುದಿನ ಬೆಳಿಗ್ಗೆ ನಿನ್ನ ಮಾವ ಅಂಗಡಿಗೆ ಹೋಗಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಪುರೋಹಿತರಿಗೆ ಬರಿ. ನಾನು ಬಂದು ಮಾಡ್ತೇನೆ" ಎಂದರು. ಅಷ್ಟೇ. ಕಫೀಲ್ ನಮ್ಮ ಇಕಾಮಾ, ಇಲ್ಲಿ ವಾಸದ ಪರವಾನಗಿ, ಅದರ ಕೆಲಸ ಮುಗಿಸಿ ಟಿಕೇಟು ಮಾಡಿಸುತ್ತಾರೆ. ನವರಾತ್ರಿಯೊಳಗೆ ಬರುತ್ತೇವೆ.

ಕರಿಮಣಿಯ ಮಾತು. ಕ್ರಿಯೆಯ ದಿನ ಯಾವ ಹೆಂಗಸೂ ನಿನ್ನ ಕುತ್ತಿಗೆಗೆ ಕೈ ಹಾಕಲಿಕ್ಕಿಲ್ಲ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ತೆಗೆಯುವುದಾದರೆ ನೀನೇ, ನಿನಗೆ ತೋಚಿದ ದಿನ ತೆಗಿ. ಮುಂದೆ ನಿನ್ನ ಅಣ್ಣ ಬೇರೆ ಕಡೆ ನೋಡುವುದಾದರೆ, ನಿನಗೆ ಮನಸ್ಸು ಬಂದರೆ, ಅತ್ತೆ ಎಂತ ಹೇಳ್ತಾರೋ ಎಂದು ಹಿಂದೆ ಮುಂದೆ ನೋಡಬೇಡ. ಧಾರೆಗೆ ನಾನೇ ನಿಂತು ಹರಸುತ್ತೇನೆ. ನಿನ್ನನ್ನು ಸೊಸೆ ಎಂದು ತಂದದ್ದು, ಮಗಳೆಂದು ಕಳಿಸಿಕೊಡುವುದು ನನಗೆ ಕಷ್ಟ ಆಗುತ್ತದೆ, ಆಗಲಿ.

ಮಗುವಿನ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ತೆವಳುತ್ತಾಳೆ ಎಂದು ನೀನು ಬರೆದಿದ್ದೆ, ಬಾವಿಕಟ್ಟೆಯ ಹತ್ತಿರ ಬಿಡಬೇಡ. ಹುಟ್ಟಿದ್ದು ಹೆಣ್ಣೋ ಗಂಡೋ ಎಂದು ಗೊತ್ತಾಗದೆಯೇ ಅವನು ಹೋದ, ಫೋನಿಲ್ಲ ಅಂಚೆ ಇಲ್ಲ. ಅವಳಿಗೆ ಅಪ್ಪನ ಪಾಲಿನ ಆಯುಸ್ಸನ್ನೂ ಸೇರಿಸಿ ಕೊಡಲಿ ಅಮ್ಮ ಕಾಳಿಕಾಂಬೆ. ನಿನಗೆ ನೆಲ ಗಟ್ಟಿಯಾಗಿರಲಿ, ಹೊತ್ತಿಗೆ ಸರಿಯಾಗಿ ನಿದ್ದೆ ಬರಲಿ. ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ
ಸುಗಂಧಿ ಅತ್ತೆ

ತಾ. ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಪುನಃ ತೆಗೆದೆ. ದಕ್ಕೆಯಲ್ಲಿ ಮಾವ ಆ ಹುಡುಗಿಯ ಕೈ ಹಿಡಿದು ಎಂತ ಹೇಳಿದರು ಎಂದು ಮೇಲೆ ಬರೆಯಲಿಲ್ಲ. ಲತೀಶ ಹಠ ಮಾಡಿ ಹೋದ ಎಂದು ಅವರು ನನಗೆ ಹೇಳಿದ್ದು, ನಾನು ನಿನಗೆ ಬರೆದದ್ದು, ನಿಜ ಅಲ್ಲ. ಕಫೀಲ್ ಬಾ ಎಂದದ್ದು ಮಾವನನ್ನು. ಪ್ರಾಯದ ಹುಡುಗರನ್ನು ಇರಾಕಿನವರು ದಾರಿಯಲ್ಲಿ ತಡೆಯುತ್ತಾರೆ, ಮುದುಕರನ್ನು ಬಿಡುತ್ತಾರೆ ಎಂದು. ಇವರಿಗೆ ಹೆದರಿಕೆ ಆಯಿತು. "ಕಾಲು ನೋಯ್ತದೆ, ನೀನು ಹೋಗು ಮಗಾ" ಎಂದರಂತೆ. ಕಾಲಿಗೆ ಏನೂ ಆಗಿರಲಿಲ್ಲ. ನಾನು ಒಳಗೆ ದೇವರ ಮುಂದೆ ಕೂತಿದ್ದೆ, ನನಗೆ ಕೇಳಿಸಲಿಲ್ಲ. ಅವನು, "ಆಯ್ತು ಅಪ್ಪ, ನೀವು ಮಲಗಿ, ಅಮ್ಮನ ಹತ್ತಿರ ಬಿಸಿನೀರು ಕೇಳಿ ಕಾಲಿಗೆ ಹಾಕಿಸಿಕೊಳ್ಳಿ" ಎಂದು ಹೇಳಿ ಹೋದನಂತೆ.

ದಕ್ಕೆಯಲ್ಲಿ ಇದನ್ನು ನಾನು ಕೇಳಿಸಿಕೊಂಡದ್ದು ಅವರಿಗೆ ಗೊತ್ತಿಲ್ಲ. ನಿನಗೆ ಹೇಳದೆ ನಿನ್ನನ್ನು ಕ್ರಿಯೆಗೆ ಕೂರಿಸುವುದು ನನಗೆ ಸರಿ ಕಾಣಲಿಲ್ಲ. ಸಿಟ್ಟು ಬಂದರೆ ಬರಲಿ, ಬರಬೇಕಾದ್ದೇ. ನನಗೂ ಬಂದಿದೆ, ಇನ್ನೂ ಹೋಗಲಿಲ್ಲ. ನಿನ್ನ ಹತ್ತಿರ ಒಂದೇ ಬೇಡುತ್ತೇನೆ. ಅವರು ನಿಮ್ಮ ಮನೆಯ ಮೆಟ್ಟಲು ಹತ್ತಿದಾಗ ಮಗುವನ್ನು ಅವರ ಕೈಗೆ ಕೊಡು. ಆಮೇಲೆ ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೂ ನಾನು ಏನೂ ಹೇಳುವುದಿಲ್ಲ.